ಭಾವ ಬಟ್ಟೆ ಒಗೆದ ಹಡಗು

ನಮ್ಮ ಭಾವ ಸಿದ್ದಲಿಂಗಸ್ವಾಮಿ ಹನ್ನೆರಡು ವರ್ಷ ಹಡಗಿನಲ್ಲಿ ದುಡಿದವರು. ಆದರೂ ಸಮುದ್ರ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ "ಬಿಸಿ ಇರುತ್ತೆ ಕಣಮ್ಮ" ಅನ್ನುತ್ತಿದ್ದರು. ತಮಾಷೆ ಮಾಡುತ್ತಾರೆ ಅಂದುಕೊಂಡು ನಾನೂ ನಗುತ್ತಿದ್ದೆ. ಅವರದು ಪ್ರವಾಸಿಗರ ದೊಡ್ಡ ಹಡಗು. ಅದರ ತಳದಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ. ಅಲ್ಲಿ ಒಂದು ಕಿಟಕಿಯೂ ಇಲ್ಲ ಅನ್ನುವುದನ್ನು ಅವರು ಬಾಯಿಬಿಟ್ಟು ಹೇಳಿದವರೇ ಅಲ್ಲ.

ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ನೋಡಿಕೊಳ್ಳುತ್ತಿದ್ದವರಿಗೆ ತೊಂಬತ್ತೆರಡರಲ್ಲಿ ಯಾರೋ ಮುಂಬೈ ದಾರಿ ತೋರಿಸಿದರು. ಅಲ್ಲಿಂದಾಚೆಗೆ ಹತ್ತು ತಿಂಗಳು ಹಡಗು, ಎರಡು ತಿಂಗಳು ದೇವರಾಜ ಮೊಹಲ್ಲಾದ ಮನೆ. ರಜಕ್ಕೆ ಬಂದವರು ಸುಮ್ಮನೆ ಕೂತು ಕಾಫಿ ಕುಡಿಯಬಾರದೇ? ಇಲ್ಲ. ವಠಾರದವರ ಅಂಗಿಗಳನ್ನೆಲ್ಲ ತರಿಸಿಕೊಂಡು ಇಸ್ತ್ರಿ ಮಾಡಿಕೊಡುವರು. ಟವೆಲ್ ಮಡಿಸಿ ಆನೆ ಮಾಡಿ, ಬೆನ್ನ ಮೇಲೆ ಬೆಂಕಿಪೊಟ್ಟಣದ ಅಂಬಾರಿ ಇಟ್ಟು ಮಕ್ಕಳನ್ನು ನಗಿಸುವರು. ನನ್ನ ಅಕ್ಕ ಪ್ರೇಮಲೀಲಾ ಅಡುಗೆಮನೆಯಲ್ಲಿ ಕೂತು ಸುಮ್ಮಸುಮ್ಮನೆ ನಗುತ್ತಿದ್ದಳು. ಅವಳು ಹಾಗೆ ನಗುತ್ತಿದ್ದದ್ದು ವರ್ಷಕ್ಕೆ ಎರಡೇ ತಿಂಗಳು.

ಬೆಳಿಗ್ಗೆ ಮಾತ್ರ ಒಂದು ಗಂಟೆ ಭಾವ ಯಾರಿಗೂ ಸಿಗುತ್ತಿರಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆತನ. ಗಂಡಸು ಹೆಂಗಸೆನ್ನದೆ ಎಲ್ಲರ ಕೊರಳಲ್ಲೂ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಅದು ಮೈಬಿಟ್ಟು ಹೋಗುವಂತಿಲ್ಲ. ದಿನವೂ ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ತುತ್ತು ಎತ್ತುವಂತಿಲ್ಲ. ಹಡಗಿನಲ್ಲಿ ಪೂಜೆಗೆ ಏನು ಮಾಡುತ್ತೀರಿ ಎಂದು ಅಕ್ಕ ಕಾಗದದಲ್ಲಿ ಕೇಳಿದರೆ "ನಡೀತದೆ" ಅಂತ ಒಂದೇ ಪದ ಬರೆಯುತ್ತಿದ್ದರು. ಗಂಡಸರ ಈ ಒಂದು ಪದದ ಉತ್ತರಗಳಿಗಿಷ್ಟು ಬೆಂಕಿ ಹಾಕ!

ತೊಂಬತ್ತೊಂಬತ್ತರಲ್ಲಿ ಭಾವ ಬಂದ ದಿನ ಅಕ್ಕ ಅವರ ಪೆಟ್ಟಿಗೆ ಬಿಚ್ಚಿದಳು. ಮಡಿಸಿದ ಅಂಗಿಗಳ ನಡುವೆ ಕರಡಿಗೆ ಇತ್ತು. ಕೊರಳಲ್ಲಿರಬೇಕಾದದ್ದು ಪೆಟ್ಟಿಗೆಯಲ್ಲಿ. ಅವಳು ಇದ್ದ ಹಾಗೇ ಮುಚ್ಚಿಟ್ಟಳು. ಸಂಜೆಯ ಹೊತ್ತಿಗೆ ಅದು ಭಾವನ ಕೊರಳಲ್ಲಿತ್ತು. ಈ ಸಂಗತಿಯನ್ನು ಅವಳು ಹೇಳಿದ್ದು ನನಗೊಬ್ಬಳಿಗೆ. ನೇರವಾಗಿ ಕೇಳುವುದಕ್ಕೆ ನಿನಗೇನು ಧಾಡಿ ಎಂದು ನಾನು ರೇಗಿದೆ.

"ಪೂಜೆ ಬಿಟ್ಬುಟ್ಟಿದ್ದೀನಿ ಅಂದ್ಬುಟ್ರೆ ಏನ್ ಮಾಡ್ಲಿ ಕಣೇ?" ಅಂದಳು.

ಎರಡು ಸಾವಿರದ ನಾಲ್ಕರಲ್ಲಿ ರಜಕ್ಕೆಂದು ಬಂದಿದ್ದ ಭಾವ ಎದೆನೋವೆಂದು ಮಲಗಿದವರು ಏಳಲಿಲ್ಲ. ಇಲವಾಲದ ಅವರ ಜಮೀನಿನಲ್ಲಿ ಸಮಾಧಿ ಮಾಡಿದೆವು. ನಮ್ಮಲ್ಲಿ ಹೋದವರನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುವುದು. ಅದನ್ನು ಮುಂದೆ ನಿಂತು ನಡೆಸಿದವರು ಭಾವನ ಚಿಕ್ಕಪ್ಪ ಕರಿಬಸವಯ್ಯನವರು. ಮಾರ್ಕೆಟ್ಟಿನ ಹತ್ತಿರ ವಿಭೂತಿ, ರುದ್ರಾಕ್ಷಿ, ಕರಡಿಗೆ ಮಾರುವ ಅಂಗಡಿ ಅವರದು. ಮಠದಲ್ಲೂ ಅವರ ಮಾತು ನಡೆಯುತ್ತಿತ್ತು. ಲಿಂಗವನ್ನು ಅಂಗೈಗೆ ಇಡುವಾಗ, ಅಷ್ಟು ಜನರ ಮುಂದೆ, "ಇಡ್ರಪ್ಪ, ಪದ್ಧತಿ. ಹಡಗಲ್ಲಿ ಪೂಜೆ ಮಾಡ್ತಿದ್ನೋ ಇಲ್ವೋ, ಆ ಶಿವನೇ ಬಲ್ಲ" ಅಂದುಬಿಟ್ಟರು. ಆ ಕ್ಷಣ ನನಗೆ ಮೈಯೆಲ್ಲ ಉರಿಯಿತು. ಆದರೆ ಪೆಟ್ಟಿಗೆಯ ಸಂಗತಿ ನನಗೂ ಗೊತ್ತಿತ್ತಲ್ಲ.

ಅಕ್ಕ ಗಂಡ ಹೋದದ್ದಕ್ಕೆ ಅತ್ತಳು, ಸರಿ. ಆದರೆ ಅವಳನ್ನು ತಿಂದುಹಾಕಿದ್ದು ಆ ಮಾತು. ಆ ಅಂಗಡಿಯ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಳು. ಎರಡು ವರ್ಷ ಹೀಗೇ ಹೋದ ಮೇಲೆ ಅದೇ ಹಡಗು ಮುಂಬೈಯಿಂದ ಗೋವಾಕ್ಕೆ ಮೂರು ದಿನದ ವಿಹಾರ ಶುರುಮಾಡಿದೆ ಎಂದು ಪೇಪರಿನಲ್ಲಿ ಬಂತು. ಹೋಗೋಣ ಅಂದಳು. ನಾನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟು. ರಜ ಹಾಕಿ, ಗೊಣಗುತ್ತಲೇ ಹೊರಟೆ. ಅವಳೊಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ.

ಹಡಗು ಹತ್ತಿದ ಮೇಲೆ ತಿಳಿಯಿತು, ಕೆಳಗಿನ ಕೆಲಸದ ಜಾಗಗಳಿಗೆ ಪ್ರಯಾಣಿಕರನ್ನು ಬಿಡುವುದಿಲ್ಲ. ನೋಡಲೇಬೇಕೆಂದರೆ ಬೇರೆ ಟಿಕೆಟ್ಟು, ತಲೆಗೆ ಮೂರು ಸಾವಿರ. ನನ್ನ ಅರ್ಧ ತಿಂಗಳ ಸಂಬಳ! ಅಡುಗೆಯವರನ್ನೂ ಒಗೆಯುವವರನ್ನೂ ಮೃಗಾಲಯದ ಪ್ರಾಣಿಗಳ ಹಾಗೆ ನೋಡುವುದಕ್ಕೆ ಮೂರು ಸಾವಿರವೇ, ದುಡ್ಡೇನು ಮರದಲ್ಲಿ ಬಿಡುತ್ತದೆಯೇ ಎಂದು ಕೌಂಟರಿನ ಮುಂದೆಯೇ ಜಗಳಕ್ಕೆ ನಿಂತೆ. ಅಕ್ಕ ಇಬ್ಬರಿಗೂ ತೆತ್ತಳು.

ಹನ್ನೆರಡು ಜನರ ಗುಂಪು, ಮುಂದೆ ನಗುವುದನ್ನು ನಿಲ್ಲಿಸದ ಒಬ್ಬ ಹುಡುಗಿ. ಮೊದಲು ಹಡಗು ನಡೆಸುವ ಕೋಣೆ. ಕ್ಯಾಪ್ಟನ್ ಕೈಕುಲುಕಿದ, ಅಷ್ಟೇ. ನಾಟಕದ ವೇದಿಕೆಯ ಹಿಂಭಾಗದಲ್ಲಿ ಹಗ್ಗಗಳು ಬಿಟ್ಟರೆ ಏನೂ ಇರಲಿಲ್ಲ. ಅಡುಗೆಮನೆ ಪರವಾಗಿಲ್ಲ, ಒಪ್ಪಿಕೊಳ್ಳುತ್ತೇನೆ, ಅಷ್ಟು ಚೊಕ್ಕಟವಾದ ಅಡುಗೆಮನೆಯನ್ನು ನಾನು ಯಾವ ಮದುವೆ ಛತ್ರದಲ್ಲೂ ಕಂಡಿಲ್ಲ. ಅಲ್ಲೇ ಒಂದು ಟೋಪಿಯನ್ನು ಪುಕ್ಕಟೆ ಕೊಟ್ಟರು. ಅಲ್ಲಿಯವರೆಗೆ ಯಾರಾದರೂ ಕೇಳಿದ್ದರೆ, ಶುದ್ಧ ಟೋಪಿ ಹಾಕುವ ವ್ಯವಹಾರ ಎಂದೇ ಹೇಳುತ್ತಿದ್ದೆ.

ಆಮೇಲೆ ಮೆಟ್ಟಿಲಿಳಿದು ಒಗೆಯುವ ಕೋಣೆಗೆ ಹೋದೆವು. ಬಾಗಿಲು ತೆರೆದದ್ದೇ ಮುಖಕ್ಕೆ ಬಿಸಿ ಹಬೆ ರಾಚಿತು. ಭಾವ ಹೇಳುತ್ತಿದ್ದ ಸಮುದ್ರ ಇದೇ ಎಂದು ಆಗ ಅರ್ಥವಾಯಿತು. ಅಕ್ಕ ಸೆರಗಿನೊಳಗೆ ಕೈ ಹಾಕಿ ತನ್ನ ಕರಡಿಗೆಯನ್ನು ಮುಟ್ಟಿಕೊಂಡಳು. ಬೆಳ್ಳಿ ಬಿಸಿಯಾಗಿದೆ ಎಂದು ನನ್ನ ಮುಖ ನೋಡಿದಳು. ಭಾವ ಅದನ್ನು ಪೆಟ್ಟಿಗೆಗೆ ಹಾಕಿದ್ದು ಯಾಕೋ ಇವತ್ತಿಗೂ ಗೊತ್ತಿಲ್ಲ. ಎದೆ ಸುಟ್ಟಿರಬೇಕು ಎಂದು ನಾನು ಅಂದುಕೊಂಡೆ.

ದೊಡ್ಡ ಇಸ್ತ್ರಿ ಯಂತ್ರಕ್ಕೆ ಹಾಸುಬಟ್ಟೆ ಕೊಡುತ್ತಿದ್ದ ನರೆಮೀಸೆಯ ಗೋವೆಯವನೊಬ್ಬನ ಹತ್ತಿರ ಅಕ್ಕ ಹೋದಳು. ಹರಕುಮುರುಕು ಹಿಂದಿಯಲ್ಲಿ ಗಂಡನ ಹೆಸರು ಹೇಳಿದಳು. ಅವನು ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಸ್ವಾಮಿಯ ಹೆಂಡತಿಯೇ ಎಂದು ಕೈಮುಗಿದ. ಇನ್ನೂ ಮೂವರನ್ನು ಕರೆದ. ಸತ್ತದ್ದು ಅವರಿಗೆ ತಿಳಿದಿತ್ತು. ಅಕ್ಕ ತಡಮಾಡಲಿಲ್ಲ, ಅವರು ಇಲ್ಲಿ ಪೂಜೆ ಮಾಡುತ್ತಿದ್ದರೇ ಎಂದು ಕೇಳಿಯೇಬಿಟ್ಟಳು.

ಅವನು ಇಲ್ಲವೆಂದು ತಲೆಯಾಡಿಸಿದ. ದೇವರ ಪಟ ಇರಲಿಲ್ಲ, ಹಡಗಿನಲ್ಲಿ ದೀಪ, ಊದುಬತ್ತಿ ಹಚ್ಚುವಂತೆಯೂ ಇಲ್ಲ, ಪೂಜೆಗೀಜೆ ನಾವು ನೋಡಿಲ್ಲ ಅಂದ.

ಅಕ್ಕನ ಮುಖ ನೋಡಲಾಗಲಿಲ್ಲ. ಸಾಕು, ಬಾ ಹೋಗೋಣ ಎಂದು ತೋಳು ಹಿಡಿದೆಳೆದೆ. ಅವಳು ಕೊಸರಿಕೊಂಡಳು. ಕೇಳುವುದಕ್ಕೆ ಹಿಂದಿಯಲ್ಲಿ ಪದವಿಲ್ಲದೆ ಕರಡಿಗೆ ಬಿಚ್ಚಿ, ಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದಳು.

ನಾಲ್ವರೂ ಒಟ್ಟಿಗೆ ಕದಲಿದರು. ಒಬ್ಬ ಬಕೆಟ್ಟೊಂದನ್ನು ಬೋರಲು ಹಾಕಿ, ಮೇಲೆ ಒಗೆದ ಟವೆಲ್ ಹಾಸಿ, ಅಕ್ಕನಿಗೆ ಕೂರಲು ಸನ್ನೆ ಮಾಡಿದ. ಉಳಿದವರು ಒಂದು ದೊಡ್ಡ ಹಾಸುಬಟ್ಟೆಯನ್ನು ಬಿಡಿಸಿದರು. ಆಮೇಲೆ ನಾಲ್ವರೂ ಅದರ ಮೇಲಂಚನ್ನು ಅಲ್ಲಲ್ಲಿ ಹಿಡಿದು ಅವಳ ಸುತ್ತ ಮರೆ ಕಟ್ಟಿ, ಮುಖಗಳನ್ನು ಹೊರಗೆ ತಿರುಗಿಸಿ ನಿಂತರು. ಕೈಗಳು ಎಷ್ಟು ಎತ್ತರಕ್ಕಿರಬೇಕೆಂದು ಕೂಡ ಅವರಿಗೆ ಗೊತ್ತಿತ್ತು.

ಗೋವೆಯವನು ನನಗೆ ಹೇಳಿದ. ನಾನು ಬಂದಾಗಿನಿಂದ ಎಂಟು ವರ್ಷ, ದಿನಾ ಬೆಳಿಗ್ಗೆ ಪಾಳಿಗೆ ಮುಂಚೆ ಹೀಗೆ ಹಿಡಿಯುತ್ತಿದ್ದೆವು. ಅಂಗೈ ನೋಡಿಕೊಂಡು ಕೂರುತ್ತಿದ್ದ, ಯಾರೂ ನೋಡಬಾರದು ಅನ್ನುತ್ತಿದ್ದ, ಅದಕ್ಕೆ ಪೂಜೆ ಅನ್ನುತ್ತಾರೆಂದು ನಮಗೆ ತಿಳಿದಿರಲಿಲ್ಲ. ಬಟ್ಟೆಯ ಒಳಗೆ ಅಕ್ಕ ಅಳುವುದು ಕೇಳಿಸಿತು. ಗುಂಪಿನಲ್ಲಿದ್ದವರು ಕ್ಯಾಮೆರಾ ತೆಗೆದರು. ನಾನು ಎರಡೂ ಕೈ ಚಾಚಿ ಅಡ್ಡ ನಿಂತು ಕನ್ನಡದಲ್ಲೇ ಬೈದೆ. ಇದು ಕೂಡ ಟಿಕೆಟ್ಟಿನಲ್ಲಿ ಸೇರಿದೆಯೇ ಎಂದು ಒಬ್ಬಳು ಆ ಹುಡುಗಿಯನ್ನು ಕೇಳುತ್ತಿದ್ದಳು. ಹುಡುಗಿಯ ನಗು ಆಗ ನಿಂತಿತ್ತು.

ಊರಿಗೆ ಬಂದ ಮೇಲೆ, ಭಾವನ ವರ್ಷದ ಸ್ಮರಣೆಯ ದಿನ, ಊಟಕ್ಕೆ ಕೂತ ಪಂಕ್ತಿಯ ಮುಂದೆ ನಿಂತು ಈ ಕತೆಯನ್ನು ಒಂದೂ ಬಿಡದೆ ಹೇಳಿದೆ. ಮೆತ್ತಗೆ ಹೇಳಲಿಲ್ಲ. ಕರಿಬಸವಯ್ಯನವರು ಎಲೆ ಬಿಟ್ಟು ಎದ್ದು, ಅಕ್ಕ ನಿಂತಿದ್ದಲ್ಲಿಗೆ ಬಂದು ಕೈಮುಗಿದರು. ಎಪ್ಪತ್ತೆಂಟು ವರ್ಷದ ಮುದುಕರು.

"ಅವತ್ತು ಆ ಮಾತು ಆಡ್ಬಾರ್ದಾಗಿತ್ತು ಕಣಮ್ಮ" ಅಂದರು.

"ಬುಡಿ ಮಾವ. ನಂಗೆ ಮೊದ್ಲಿಂದ್ಲೂ ಗೊತ್ತಿತ್ತು" ಅಂದಳು ಅಕ್ಕ.

ಗೊತ್ತಿರಲಿಲ್ಲ. ಆ ಬಟ್ಟೆಯ ಮರೆಯಲ್ಲಿ ಕೂತು ಅವಳು "ತಪ್ಪಾಯ್ತು ಕಣ್ರೀ, ನಾನೂ ನಿಮ್ಮನ್ನ ನಂಬ್ಲಿಲ್ಲ" ಎಂದು ಭಾವನಿಗೆ ಹೇಳಿಕೊಂಡು ಅತ್ತದ್ದು, ಅಲ್ಲಿದ್ದ ಅಷ್ಟು ಜನರಲ್ಲಿ ಕನ್ನಡ ಬರುತ್ತಿದ್ದ ನನಗೊಬ್ಬಳಿಗೇ ಅರ್ಥವಾಗಿತ್ತು.