ಅಣ್ಣನ ಪಾಲಿನ ಡ್ಯಾಮು

ನಮ್ಮ ಕಟ್ಟೆ ಯಜಮಾನರಿಗೆ ಆಸ್ತಿ ಎಷ್ಟಿದೆ ಎಂಬುದು ಕೇಳುವವರು ಯಾರು ಎಂಬುದರ ಮೇಲೆ ನಿಂತಿದೆ. ಹಳ್ಳದ ನೆರೆ ತಡೆಯಲು ಅವರ ತಾತ ಕಟ್ಟಿಸಿದ ಮಣ್ಣಿನ ಏರಿಯನ್ನು ಹೊಸ ಬೀಗರಿಗೆ ತೋರಿಸುವಾಗ "ಇದು ನಮ್ಮ ಡ್ಯಾಮು" ಎಂದು ಅವರ ಎದೆ ಏರಿಗಿಂತ ಎತ್ತರಕ್ಕೆ ಉಬ್ಬುತ್ತದೆ. ತಪಾಸಣೆಗೆ ಇಂಜಿನಿಯರು ಬಂದರೆ, "ಡ್ಯಾಮಾ? ಆ ದಿಬ್ಬಾನಾ ಸಾರ್? ಅದು ನಮ್ಮಣ್ಣನ ಪಾಲಿಗೆ ಹೋಯ್ತಲ್ಲ." ಮೀನು ಹಿಡಿಯುವ ದಿನ ಪಾಲು ಮತ್ತೆ ಇವರದೇ. ಏರಿ ಗಟ್ಟಿಯಾಗಲೆಂದು ಅದರ ಮೇಲೆ ಉದ್ದಕ್ಕೂ ಮರ ನೆಟ್ಟವರೂ ಇವರೇ. ಬೇರು ಮಣ್ಣನ್ನು ಸೀಳಿ ನೀರಿಗೆ ದಾರಿ ಮಾಡಿಕೊಡುತ್ತದೆ ಎಂದು ಇಂಜಿನಿಯರು ರೇಗಿದಾಗ, "ಹಕ್ಕಿ ಬೀಜ ಉದುರಿಸಿದ್ದು ಸಾರ್" ಎಂದರು. "ಹಕ್ಕಿ ಇಷ್ಟು ನೆಟ್ಟಗೆ ಸಾಲು ಹಿಡಿಯುತ್ತೇನ್ರೀ?" "ಶಿಸ್ತಿನ ಹಕ್ಕಿ ಸಾರ್." ಇಂಥ ಮಾತಿನ ಮಲ್ಲರು ಮೋಡ ಕಪ್ಪಾದರೆ ಫೋನು ಹಿಡಿದು ಕೂರುತ್ತಾರೆ. ಏರಿಯ ಕೆಳಗಿನ ಹನ್ನೊಂದು ಮನೆಗೂ ಒಂದೇ ರಾಗ: "ಊಟ ಆಯ್ತಾ? ಮನೇಲಿ ಎಷ್ಟು ಜನ ಇದೀರಿ ಇವತ್ತು?" ಬಾಯಿಚಪಲ ಎಂದು ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ, ಅವರ ಗೋಡೆಯ ಕ್ಯಾಲೆಂಡರ್ ನೋಡುವವರೆಗೆ. ಮಳೆ ಬಂದ ಒಂದೊಂದು ದಿನದ ಚೌಕದಲ್ಲೂ ಪೆನ್ಸಿಲಿನಲ್ಲಿ ಒಂದು ಸಂಖ್ಯೆ: ನಲವತ್ತಮೂರು, ನಲವತ್ತಮೂರು, ನಲವತ್ತಮೂರು. ಮೊನ್ನೆಯದು ನಲವತ್ತನಾಲ್ಕು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ, "ಮಗು ಹುಟ್ಟಿದೆ."