ರೆಕ್ಕೆಯ ತುದಿಯ ಬಿಳಿ ಚುಕ್ಕೆ

ಎಮ್ಮೆ ಕೊಳ್ಳಲು ಹೊರಟವರಿಗೆ ನಾನು ಕೊಡುವ ಮೊದಲ ಸಲಹೆ: ಮನಸ್ಸಿಗೆ ಬಂದ ಎಮ್ಮೆಯಲ್ಲಿ ಒಂದು ಐಬು ಹುಡುಕಿ, ಸಿಗದಿದ್ದರೆ ಹುಟ್ಟಿಸಿ. ಮೂಡಲಗಿಯ ದನದ ಪೇಟೆಯಲ್ಲಿ ದಲಾಲಿ ಮಾಡಿ ಗೋಕಾಕದಲ್ಲಿ ಸ್ವಂತ ಮನೆ ಕಟ್ಟಿದ್ದು ಈ ಒಂದೇ ವಿದ್ಯೆಯಿಂದ. ಸಂಕೇಶ್ವರದಲ್ಲಿ ಹಳೆಯ ಕ್ಯಾಮೆರಾ ಕೊಳ್ಳುವಾಗಲೂ ಅದನ್ನೇ ಮಾಡಿದೆ. ಲೆನ್ಸು ನೀರಿನಷ್ಟು ತಿಳಿಯಾಗಿತ್ತು. “ಒಳಗ ಧೂಳ ಐತ್ರಿ” ಎಂದೆ. ಅಂಗಡಿಯವನು ಒರೆಸಿ ತೋರಿಸಿದ, ಬೆಳಕಿಗೆ ಹಿಡಿದು ತೋರಿಸಿದ. “ಅಲ್ಲೇ ನೋಡ್ರಿ, ಮೂಲ್ಯಾಗ” ಎಂದು ಒಂದು ತಾಸು ಹಟ ಹಿಡಿದೆ. ಕೊನೆಗೆ ಅವನಿಗೂ ಧೂಳು ಕಂಡಿತು, ಬೆಲೆ ಇಳಿಸಿದ. ತೊಂದರೆಯೆಂದರೆ, ಅಷ್ಟೊತ್ತಿಗೆ ನನಗೂ ಕಂಡಿತ್ತು.

ಕ್ಯಾಮೆರಾ ಬೇಕಾಗಿದ್ದು ಎಮ್ಮೆಗಳ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸಲು. ನನ್ನ ಹತ್ತಿರ ಎಮ್ಮೆ ಕೊಂಡ ಹುಕ್ಕೇರಿಯ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರು ನನ್ನನ್ನು ಹಿಡಕಲ್ ಅಣೆಕಟ್ಟಿನ ಹಿನ್ನೀರಿಗೆ ಕರೆದೊಯ್ದು, ಹಕ್ಕಿಯ ಹುಚ್ಚು ಹಿಡಿಸಿ ಕೆಡಿಸಿದರು. ಚಳಿಗಾಲದಲ್ಲಿ ಅಲ್ಲಿಗೆ ಕಡಲಕ್ಕಿಗಳು ಬರುತ್ತವೆ. ತಾಲೂಕಿನ ಹಕ್ಕಿಗಳ ಪಟ್ಟಿಯನ್ನು ಮಾಸ್ತರರು ಮೂವತ್ತು ವರ್ಷಗಳಿಂದ ಬರೆಯುತ್ತಿದ್ದಾರೆ. ಹಿಂದೊಮ್ಮೆ ಅಪರೂಪದ ಹಕ್ಕಿ ಕಂಡೆನೆಂದು ಬರೆದು ಕಳಿಸಿದಾಗ ಬೆಳಗಾವಿಯ ಹಕ್ಕಿ ಬಲ್ಲವರು ನಕ್ಕರಂತೆ. ಅಂದಿನಿಂದ ಫೋಟೋ ಇಲ್ಲದೆ ಅವರು ಯಾರಿಗೂ ಏನೂ ಹೇಳುವುದಿಲ್ಲ.

ಇಲ್ಲಿಗೆ ಬರುವ ಕಡಲಕ್ಕಿಗಳಲ್ಲಿ ಕಂದುತಲೆ, ಕಪ್ಪುತಲೆ ಎಂದು ಎರಡು ಜಾತಿ. ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿ, ಕಿವಿಯ ಹತ್ತಿರ ಒಂದು ಮಸಿ ಬೊಟ್ಟು. ಹೆಸರು ಹೇಳಿ ಮಾರುವಂಥ ಮಾಲೇ ಅಲ್ಲ. “ತಲಿ ಬಿಡ್ರಿ, ರೆಕ್ಕಿ ನೋಡ್ರಿ” ಎನ್ನುತ್ತಿದ್ದರು ಮಾಸ್ತರರು. ರೆಕ್ಕೆಯಲ್ಲಿ ಏನು ನೋಡಬೇಕೆಂದು ನಾನು ಕೇಳಲಿಲ್ಲ. ಹಲ್ಲು ನೋಡಿ ಎಮ್ಮೆಯ ವಯಸ್ಸು ಹೇಳುವವನಿಗೆ ಹಕ್ಕಿ ಯಾವ ಲೆಕ್ಕ?

ಮೊದಲ ವಾರ ನಾನು ತೆಗೆದದ್ದು ಬರೀ ಆಕಾಶ. ಒಂದರಲ್ಲಿ ಮಾತ್ರ ಬಾಲ ಸಿಕ್ಕಿತ್ತು. ಆಮೇಲೆ ಬುದ್ಧಿ ಬಂತು. ನಿಮಗೂ ಹೇಳುತ್ತೇನೆ: ಹಕ್ಕಿಯ ಬೆನ್ನು ಹತ್ತಬೇಡಿ. ಮೀನುಗಾರರು ಬಲೆ ಕೊಡವುವ ಕಡೆ ನಿಲ್ಲಿ. ಹಕ್ಕಿ ಗಾಳಿಗೆ ಎದುರಾಗಿ ತಾನೇ ಬಂದು ತೂಗಾಡುತ್ತದೆ. ಹಾಗೆ ನಿಂತಾಗ ಒಂದು ಹಕ್ಕಿ ಓರೆಯಾಗಿ ತಿರುಗಿತು. ರೆಕ್ಕೆಯ ಮೇಲೆ ಬಿಸಿಲು, ಕೊಕ್ಕು ಕಾಲು ನೆರಳಿನಲ್ಲಿ. ಚೊಕ್ಕ ಫೋಟೋ. ಆದರೆ ಎರಡೂ ರೆಕ್ಕೆಗಳ ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆಗಳು. ಲೆನ್ಸಿನ ಧೂಳು! ಧೂಳು ಎರಡು ರೆಕ್ಕೆಗೂ ಸರಿಸಮ ಹಂಚಿಕೊಂಡು ಕೂತದ್ದು ಹೇಗೆಂದು ಯೋಚಿಸದೆ, ಮೊಬೈಲಿಗೆ ಹಾಕಿಕೊಂಡು ನೀಟಾಗಿ ಅಳಿಸಿ ಮಾಸ್ತರರಿಗೆ ಕಳಿಸಿದೆ.

ಮರುದಿನ ಬೆಳಿಗ್ಗೆಯೇ ಫೋನು. “ಲಗೂನ ಬರ್ರಿ ಮಾರಾಯರ!”

ಹೋದರೆ ಮಾಸ್ತರರು ಚಹಾ ಕೊಟ್ಟು ಎದುರಿಗೇ ಕೂತರು. ಹಕ್ಕಿಗಳ ಪುಸ್ತಕ ತೆರೆದು, ನನ್ನ ಫೋಟೋ ಪಕ್ಕಕ್ಕಿಟ್ಟು ತೋರಿಸಿದರು. “ಕಂದುತಲಿ ಆಗಿದ್ರ ರೆಕ್ಕಿ ತುದ್ಯಾಗ ಬಿಳಿ ಚುಕ್ಕಿ ಇರ್ಬೇಕು. ಕಪ್ಪುತಲಿಗೆ ರೆಕ್ಕಿ ಅಂಚು ಬೆಳ್ಳಗ ಇರ್ಬೇಕು. ಇದಕ್ಕ ಎರಡೂ ಇಲ್ಲ. ತುದಿ ಮಸ್ಯಾಗ ಅದ್ದಿದಂಗ ಐತಿ. ಇದು ಕಿಟ್ಟಿವೇಕ್ ರೀ, ನಡುಗಡಲಿನ ಹಕ್ಕಿ! ನಮ್ಮ ಹುಕ್ಕೇರಿಗೆ! ಬೆಳಗಾವಿಯವರಿಗೆ ಫೋನ್ ಮಾಡಿ ಹೇಳೇನಿ, ಈಗ ಬರದ ಕಳಸಾಕತ್ತೇನಿ.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ಮಾಲು ಕೈ ಬಿಟ್ಟ ಮೇಲೆ ಐಬು ಹೇಳುವುದು ನಮ್ಮ ಧಂದೆಯಲ್ಲಿ ಪಾಪಕ್ಕಿಂತ ದೊಡ್ಡದು. ಆದರೆ ಇನ್ನೊಂದು ಸಲ ಜನ ನಕ್ಕರೆ ಈ ಮನುಷ್ಯ ಪಟ್ಟಿಯನ್ನೇ ಮುಚ್ಚಿಡುತ್ತಾನೆ.

“ಸರ್, ಚುಕ್ಕಿ ಇದ್ದೂರಿ. ನಾನ ಅಳಿಸೇನಿ.”

“ಯಾಕ?”

“ಲೆನ್ಸಿನಾಗ ಧೂಳ ಐತಿ ಅಂತ...”

ಅವರು ನನ್ನ ಹೆಗಲಲ್ಲಿದ್ದ ಕ್ಯಾಮೆರಾ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಎಲ್ಲೈತ್ರಿ ಧೂಳ?”

ಅಂಗಡಿಯ ಕತೆ ಹೇಳಲೇಬೇಕಾಯಿತು. ಅವರು ನಗಲಿಲ್ಲ. ಬೆಳಗಾವಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. “ನೀವ ಹೇಳ್ರಿ.”

“ನಮಸ್ಕಾರ್ರಿ,” ಎಂದೆ. “ಆ ಹಕ್ಕಿ ಕಂದುತಲೀನ ಐತ್ರಿ. ಮಾಸ್ತರ ತಪ್ಪಿಲ್ಲ. ಚುಕ್ಕಿ ಅಳಿಸಿದಾಂವ ನಾನು, ದಲಾಲಿ ಮನಶ್ಯಾ.” ಆ ಕಡೆ ಹೊಟ್ಟೆ ಹಿಡಿದುಕೊಂಡು ನಗು. ನಕ್ಕದ್ದು ನನಗೆ, ಮಾಸ್ತರರಿಗಲ್ಲ. ಪೂರ್ತಿ ನಗಲೆಂದು ಫೋನು ಹಿಡಿದುಕೊಂಡೇ ನಿಂತೆ.

ಮಾಸ್ತರರು ಬರೆದ ಹಾಳೆ ಹರಿದು ಹಾಕಿದರು. ಆಮೇಲೆ ಕೇಳಿದರು: “ಅಳಿಸದ ಫೋಟೋ ಐತೇನು?”

“ಐತ್ರಿ, ಕ್ಯಾಮೆರಾದಾಗ.”

“ಕೊಡ್ರಿ. ಚುಕ್ಕಿ ಕಾಣೂವಂಗ ಹಾರೂ ಕಂದುತಲಿ ಫೋಟೋ ನನ್ನ ಕಡೆ ಒಂದೂ ಇಲ್ಲ.”

ಜೀವ ಬಂದಂತಾಯಿತು. “ನೋಡ್ರಿ ಸರ್, ಇಂಥಾ ರೆಕ್ಕಿ ನಿಮಗ ಇಡೀ ಜಿಲ್ಲಾದಾಗ...” ಎಂದು ಶುರುಮಾಡಿದೆ.

“ಸುಮ್ನ ಕೂಡ್ರಿ” ಎಂದು ಮಾಸ್ತರರು ಪಟ್ಟಿ ತೆರೆದರು.