ಸದ್ದಿಲ್ಲದ ಚಪ್ಪಾಳೆ

ಸಭೆಗಳಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿರುತ್ತೇನೆ. ಸೊಕ್ಕಿನ ಹೆಂಗಸು ಅಂದುಕೊಳ್ಳುವವರು ಅಂದುಕೊಳ್ಳಲಿ. ನನ್ನ ಬಾಯಿಗೆ ಅಂಜಿ ಮೊದಲೇ ದೂರ ಕೂರುವ ಜನ ಅವರು.

ನನ್ನ ಕೆಲಸ ಬಾದಾಮಿ ಸುತ್ತಲಿನ ಸರಕಾರಿ ಶಾಲೆಗಳಿಗೆ ತಿರುಗುವುದು. ಕುಳಗೇರಿ ಕ್ರಾಸಿನಲ್ಲಿ ಬಸ್ ಕಾಯುವುದರಲ್ಲೇ ನನ್ನ ಅರ್ಧ ನೌಕರಿ ಮುಗಿದಿದೆ. ನೋಡುವುದರಲ್ಲಿ, ಕೇಳುವುದರಲ್ಲಿ, ಕಲಿಯುವುದರಲ್ಲಿ ಬೇರೆಯಾಗಿರುವ ಮಗು ಎಲ್ಲಿದೆಯೋ ಅಲ್ಲಿಗೆ ಹೋಗಿ ಅದರ ಜೊತೆ ಕೂರಬೇಕು. ಅದಕ್ಕಿಂತ ಹೆಚ್ಚಾಗಿ ಅದರ ಶಿಕ್ಷಕರ ಜೊತೆ ಕೂರಬೇಕು. ಆಗಾಗ ಶಿಕ್ಷಕರಿಗೆ ತರಬೇತಿಯೂ ಉಂಟು. ಬ್ಯಾನರ್ ಕಟ್ಟಿ, ಉಪ್ಪಿಟ್ಟು ತಿಂದು, ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಆಟಿಸಂ ಎಂಬ ಪದ ತೋರಿಸುತ್ತಿದ್ದೆ. ಈ ಮಕ್ಕಳು ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಕರೆದರೆ ತಿರುಗುವುದಿಲ್ಲ, ಮಾಡಿದ್ದನ್ನೇ ಮಾಡುತ್ತವೆ ಎಂದು ಹೇಳುತ್ತಿದ್ದೆ. ಶಿಕ್ಷಕರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಕೊನೆಗೆ, ಮಗು ಸರಿ ಉತ್ತರ ಹೇಳಿದರೆ ತಡಮಾಡದೆ ಎಲ್ಲರೆದುರು ಮೆಚ್ಚಿಕೊಳ್ಳಿ ಅನ್ನುತ್ತಿದ್ದೆ. ಅದಕ್ಕೆ ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು. ಆಮೇಲೆ ಊಟಕ್ಕೆ ಏಳುತ್ತಿದ್ದೆವು.

ಗುಳೇದಗುಡ್ಡದ ಒಂದು ಶಾಲೆಯ ಅಕ್ಕೋರು ಆ ಮಾತನ್ನು ಮನಸ್ಸಿಟ್ಟು ಕೇಳಿಸಿಕೊಂಡಿದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಈಗಲೂ ಅಕ್ಕೋರು ಎಂದೇ ಅನ್ನುತ್ತಾರೆ. ಇವರ ಊರು ಸೀರೆ ನೇಯುವ ಇಳಕಲ್. ಗಂಡ, ಮಕ್ಕಳು ಅಲ್ಲಿ, ಇವರು ಇಲ್ಲಿ ಬಾಡಿಗೆ ಖೋಲಿಯಲ್ಲಿ. ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಬೇಸತ್ತಿದ್ದರೂ ತರಗತಿಯಲ್ಲಿ ಆ ಬೇಸರ ಕಾಣುತ್ತಿರಲಿಲ್ಲ. ಒಂದು ದಿನ ಫೋನ್ ಮಾಡಿದರು.

"ಮೇಡಂ, ನನ್ನ ಕ್ಲಾಸಿನ್ಯಾಗ, ಮೂರನೇತ್ತಾಗ, ಒಂದು ಹುಡುಗಿ ಐತ್ರಿ. ಆಟಿಸಂ ಅಂತ ಬಾಗಲಕೋಟಿ ದವಾಖಾನ್ಯಾಗ ಬರದ ಕೊಟ್ಟಾರ. ಸಾಲ್ಯಾಗ ಬಾಯಿ ಬಿಡಂಗಿಲ್ಲ. ನಾ ಕಲಸಾಕ ನಿಂತ್ರ ಕಿವಿ ಮುಚ್ಕೋತೈತಿ. ನನ್ನ ಮ್ಯಾಲ ಏನ್ ಸಿಟ್ಟೋ ಏನೋ."

ಹುಡುಗಿಯ ಅಪ್ಪ ಖಣ ನೇಯುವವನು. ಆ ಊರಲ್ಲಿ ಕುಪ್ಪಸದ ಖಣ ನೇಯುವ ಮನೆಗಳಿಗೆ ಕೊರತೆಯಿಲ್ಲ. ಅವನು ಅಕ್ಕೋರಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಈ ವರ್ಷ ನೋಡ್ತೇನ್ರಿ. ಸಾಲ್ಯಾಗ ಒಂದ್ ಮಾತರ ಆಡಿತಂದ್ರ ಕಲೀಲಿ. ಇಲ್ಲಂದ್ರ ಬಿಡಸ್ತೇನಿ. ದಿನಾ ಹುಡುಗೂರು ಆಕೀನ್ನ ಮೂಕಿ ಅಂತ ಕರಿಯೂದು ನನ್ನಿಂದ ಕೇಳಾಕ ಆಗೂದುಲ್ಲ." ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಮನೆಯಲ್ಲಿ ಆ ಹುಡುಗಿ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಟಿವಿಯ ಜಾಹೀರಾತು ಎಲ್ಲವನ್ನೂ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಶಾಲೆಯಲ್ಲಿ ಮಾತ್ರ ಮೂಕಿ.

ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ತೆಳ್ಳಗಿನ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯ ಹುಡುಗಿ. ಕಿಟಕಿಯ ಕಡೆ ಮುಖ. ನಾನು ಬಂದದ್ದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಅಕ್ಕೋರು ಪಾಠ ಶುರುಮಾಡಿದರು, ಹುಡುಗಿ ಕಿವಿ ಮುಚ್ಚಿಕೊಂಡಳು, ತೆಗೆದಳು, ಮತ್ತೆ ಮುಚ್ಚಿಕೊಂಡಳು.

"ಸದ್ದಿಗೆ ಏನರ ಅಂಜ್ತಾಳೇನು?" ಎಂದು ಬಿಡುವಿನಲ್ಲಿ ಕೇಳಿದೆ. ಅಕ್ಕೋರು ನಕ್ಕೇಬಿಟ್ಟರು. "ಮಗ್ಗದ ಮಗ್ಗಲದಾಗ ತೊಟ್ಟಲಾ ಕಟ್ಟಿ ಬೆಳಸಿದ ಕೂಸ್ರಿ ಅದು. ಮಗ್ಗ ನಿಂತ್ರ ಎಚ್ಚರ ಆಗ್ತಿತ್ತಂತ. ಸದ್ದು ಆಕೀಗೇನ್ ಮಾಡ್ತೈತಿ?" ನನಗೂ ಹೌದೆನಿಸಿತು. ನಾನೂ ಮಗ್ಗದ ಓಣಿಯಲ್ಲಿ ಬೆಳೆದವಳೇ. ನೇಕಾರರ ಮನೆಯ ಮಗು ಸದ್ದಿಗೆ ಹೆದರುತ್ತದೆ ಅನ್ನುವುದು ನಮ್ಮ ಊರುಗಳಲ್ಲಿ ಯಾರ ತಲೆಗೂ ಹೋಗದ ಮಾತು. ಬೇರೆ ಊರಿನವರು ಬಂದಿದ್ದರೆ ಮೊದಲ ದಿನವೇ ಕಂಡುಹಿಡಿಯುತ್ತಿದ್ದರೇನೋ. ನಾವಿಬ್ಬರೂ ಮಗ್ಗ ಬಲ್ಲವರಾದ್ದರಿಂದಲೇ ತಿಂಗಳುಗಟ್ಟಲೆ ಬೇರೆಲ್ಲೋ ಹುಡುಕಿದೆವು. ಚಿತ್ರದ ಕಾರ್ಡು ತಂದೆ, ಕೂರುವ ಜಾಗ ಬದಲಿಸಿದೆ, ಕಿಟಕಿ ಮುಚ್ಚಿಸಿದೆ. ಯಾವುದರಿಂದಲೂ ಏನೂ ಆಗಲಿಲ್ಲ. ಅತ್ತ ವರ್ಷ ಸರಿಯುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕೋರು ಬಾಯಿಲೆಕ್ಕ ಕೇಳುತ್ತಿದ್ದರು. ಏಳು, ಐದು ಕೂಡಿದರೆ ಎಷ್ಟು? ಒಬ್ಬ ಹುಡುಗ ಹನ್ನೊಂದು ಎಂದ. ನಮ್ಮ ಹುಡುಗಿಯ ಕೈ ತೊಡೆಯ ಮೇಲೇ ಇತ್ತು. ಇನ್ನೊಬ್ಬಳು ಹದಿಮೂರು ಎಂದಳು. ಕೈ ಅಲ್ಲೇ ಇತ್ತು. ಮೂರನೆಯವನು ಹನ್ನೆರಡು ಎನ್ನುತ್ತಲೇ ಎರಡೂ ಕೈ ಕಿವಿಯ ಮೇಲೆ ಹೋದವು. ಅಕ್ಕೋರು ಇನ್ನೂ ಸರಿ ಎಂದಿರಲಿಲ್ಲ. ಆಮೇಲೆ "ಶಭಾಷ್, ಚಪ್ಪಾಳಿ ಹೊಡೀರಿ" ಎಂದರು, ಇಡೀ ತರಗತಿ ಪಟಪಟ ಎಂದು ಒಮ್ಮೆಲೇ ತಟ್ಟಿತು. ಹುಡುಗಿ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದಳು.

ನಾನು ಎದ್ದು ನಿಂತೆ. ಮತ್ತೊಂದು ಲೆಕ್ಕ ಕೇಳಿ ಎಂದು ಸನ್ನೆ ಮಾಡಿದೆ. ಮತ್ತೆ ಹಾಗೇ ಆಯಿತು. ತಪ್ಪು ಉತ್ತರಕ್ಕೆ ಕೈ ಏಳುತ್ತಿರಲಿಲ್ಲ, ಸರಿ ಉತ್ತರ ಬಂದರೆ ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅವಳಿಗೆ ಲೆಕ್ಕವೆಲ್ಲ ಬರುತ್ತಿತ್ತು. ಸರಿ ಹೇಳಿದರೆ ಏನು ಬಂದು ಮೈಮೇಲೆ ಬೀಳುತ್ತದೆ ಎಂಬುದೂ ಗೊತ್ತಿತ್ತು. ಅದಕ್ಕೇ ಬಾಯಿ ಬಿಡುತ್ತಿರಲಿಲ್ಲ. ಮಗ್ಗದ ಸದ್ದಿಗೆ ಒಂದು ಲಯವಿದೆ, ಅಪ್ಪನ ಕಾಲು ಕೆಳಗಿನ ಹಲಗೆ ಅದುಮಿದ ಮೇಲೆ ಬಡಿತ ಬರುತ್ತದೆ, ಮಗುವಿಗೆ ಅದು ಮೊದಲೇ ಗೊತ್ತು. ಚಪ್ಪಾಳೆಗೆ ಲಯವಿಲ್ಲ, ಬರುತ್ತದೆ ಎಂದು ಗೊತ್ತಿದ್ದರೂ ಹತ್ತು ದಿಕ್ಕಿನಿಂದ ಎಸೆದ ಕಲ್ಲಿನ ಹಾಗೆ ಬಂದು ಬೀಳುತ್ತದೆ.

ಅಕ್ಕೋರಿಗೆ ಹೇಳಿದೆ. ಅವರು ಕುರ್ಚಿಯ ಮೇಲೆ ಕುಸಿದು ಕೂತು ಅತ್ತರು. "ಒಂದನೇತ್ತಾಗ ನಾನ ಕಲಸಾಕಿದ್ದಾಗ ಈ ಕೂಸು ಒಮ್ಮೆ ಉತ್ತರ ಹೇಳಿತ್ರಿ. ಖುಷಿ ತಡೀಲಾರದ ಎಲ್ಲಾರ ಕಡಿಂದ ಎರಡೆರಡು ಸಲ ಚಪ್ಪಾಳಿ ಹೊಡಸಿದ್ದೆ. ಅವತ್ತಿಂದ ಬಾಯಿ ಮುಚ್ಚೈತಿ. ಮುತ್ತು ಕೊಡಾಕ ಹೋಗಿ ಹೊಡದಂಗಾತಲ್ರಿ." ಎಲ್ಲರೆದುರು ಮೆಚ್ಚಿಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದವಳು ನಾನೇ.

ಮರುದಿನದಿಂದ ತರಗತಿಯ ರೀತಿ ಬದಲಾಯಿತು. ಯಾರಾದರೂ ಸರಿ ಹೇಳಿದರೆ ಎರಡೂ ಕೈ ಮೇಲೆತ್ತಿ ಮುಂಗೈ ಅತ್ತಿತ್ತ ತಿರುಗಿಸುವುದು, ಅಷ್ಟೇ. ಕಿವಿ ಕೇಳದವರು ಚಪ್ಪಾಳೆ ಹೊಡೆಯುವುದು ಹಾಗೆ. ಮಕ್ಕಳಿಗೆ ಅದು ಮೋಜು. ಬಿಸಿಯೂಟದ ಸಾರು ಚಲೋ ಆದರೂ ಅಡುಗೆಯಾಕೆಗೆ ಕೈ ಆಡಿಸುತ್ತಿದ್ದರು. ಹೆಡ್‌ಮಾಸ್ತರು ಮರೆತು ಒಮ್ಮೆ ಚಪ್ಪಾಳೆ ತಟ್ಟಿದಾಗ ಗಿಡ್ಡ ಹುಡುಗಿಯೊಬ್ಬಳು "ಸರ್, ಅದು ಬಂದ್ ಆಗೇತ್ರಿ" ಎಂದು ಗದರಿಸಿಬಿಟ್ಟಳು. ನಮ್ಮ ಹುಡುಗಿ ಮೊದಲು ಕಿವಿಯಿಂದ ಕೈ ತೆಗೆದಳು. ಆಮೇಲೆ ತಾನೂ ಉಳಿದವರಿಗೆ ಕೈ ಆಡಿಸತೊಡಗಿದಳು. ಹಾಗೇ ಒಂದು ದಿನ ಅಕ್ಕೋರು ಲೆಕ್ಕ ಕೇಳುತ್ತಿದ್ದಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಉತ್ತರ ಹೇಳಿದಳು. ಅಕ್ಕೋರು ಫೋನ್ ಮಾಡಿದಾಗ ನಾನು ಬಸ್ಸಿನಲ್ಲಿದ್ದೆ. ಪಕ್ಕದ ಸೀಟಿನ ಮುದುಕಿ ನನ್ನ ಮುಖ ನೋಡಿ "ಯಾರಿಗರ ಗಂಡಸಮಗ ಹುಟ್ಟೈತೇನವ್ವಾ?" ಎಂದು ಕೇಳಿದಳು. "ಹೆಣ್ಣಮಗಳು ಮಾತಾಡ್ಯಾಳಬೇ" ಎಂದೆ.

ಪಾಲಕರ ಸಭೆ ಹತ್ತಿರ ಬಂತು. ಮಗಳು ಬಾಯಿ ಬಿಟ್ಟದ್ದನ್ನು, ಚಪ್ಪಾಳೆಯ ವಿಷಯವನ್ನು ಅಪ್ಪನಿಗೆ ತಿಳಿಸೋಣವೇ ಎಂದು ಕೇಳಿದೆ. ಅಕ್ಕೋರ ಕಣ್ಣಲ್ಲಿ ಸಣ್ಣ ಹುಡುಗಿಯ ಆಸೆ. "ಈಗ ಬ್ಯಾಡ್ರಿ ಮೇಡಂ. ತಾನ ಬಂದು ತನ್ನ ಕಿವಿಯಿಂದ ಕೇಳ್ಲಿ. ಆ ಮಾರಿ ನಾ ನೋಡಬೇಕು." ನನಗೂ ನೋಡಬೇಕೆನಿಸಿತು. ಎಷ್ಟು ಚೆಂದದ ಯೋಚನೆ ಅನಿಸಿತ್ತು ಆಗ!

ಅಪ್ಪ ಮಗ್ಗ ನಿಲ್ಲಿಸಿ, ಒಗೆದ ಅಂಗಿ ಹಾಕಿಕೊಂಡು ಬಂದ. ಒಳಗೆ ಕೂರದೆ ಬಾಗಿಲಿಗೆ ಆನಿಕೊಂಡು ನಿಂತ. ಅಕ್ಕೋರು ಹುಡುಗಿಯನ್ನು ಕರೆದು ಬೋರ್ಡಿನ ಮೇಲಿನ ಸಾಲುಗಳನ್ನು ಓದಿಸಿದರು. ಗಟ್ಟಿ ದನಿ, ಒಂದಕ್ಷರ ತಪ್ಪಿಲ್ಲ. ಮಕ್ಕಳೆಲ್ಲ ಕೈ ಮೇಲೆತ್ತಿದರು. ಅಷ್ಟರಲ್ಲೇ ಅಪ್ಪ ಚಪ್ಪಾಳೆ ಹೊಡೆದ.

ಹೊಡೆಯದೆ ಇನ್ನೇನು ಮಾಡುತ್ತಾನೆ? ಮಗಳು ಶಾಲೆ ಸೇರಿದಾಗಿನಿಂದ ಕಾದಿದ್ದ ಮನುಷ್ಯ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಿಡದೆ ತಟ್ಟುತ್ತಿದ್ದ. ಅವನನ್ನು ನೋಡಿ ಉಳಿದ ಪಾಲಕರೂ ಶುರುಮಾಡಿದರು. ತಗಡಿನ ಛಾವಣಿಯ ಕೋಣೆ ಗುಡುಗಿದ ಹಾಗಾಯಿತು. ಹುಡುಗಿ ಕಿರುಚಿದಳು, ಕೈ ಕಚ್ಚಿಕೊಂಡಳು, ಬೋರ್ಡಿಗೆ ತಲೆ ಚಚ್ಚಿಕೊಂಡಳು. ಅಕ್ಕೋರು ಓಡಿ ಹೋಗಿ ತಲೆಗೂ ಬೋರ್ಡಿಗೂ ನಡುವೆ ತಮ್ಮ ಅಂಗೈ ಇಟ್ಟರು. ನಾನು ಅಪ್ಪನ ಎರಡೂ ಕೈ ಹಿಡಿದು "ಚಪ್ಪಾಳಿ ಬ್ಯಾಡ್ರಿ, ಆಕೀಗೆ ಆಗಿಬರೂದುಲ್ಲ" ಎಂದು ಕೂಗಿದೆ. ಅವನು ತನ್ನ ಕೈಗಳನ್ನೇ ನೋಡುತ್ತ ನಿಂತುಬಿಟ್ಟ. ಆಮೇಲೆ ಮಗಳನ್ನು ಎತ್ತಿಕೊಂಡು ಹೋದ.

ಅವತ್ತಿನಿಂದ ಶಾಲೆಯ ಗೇಟು ಕಂಡರೆ ಹುಡುಗಿ ರಸ್ತೆಯಲ್ಲೇ ಕೂತುಬಿಡುತ್ತಿದ್ದಳು. ಅಕ್ಕೋರು ಸಂಜೆ ಸಂಜೆ ಪುಸ್ತಕ ಹಿಡಿದು ಮನೆಗೆ ಹೋದರು, ಹುಡುಗಿ ಮಗ್ಗದ ಹಿಂದೆ ಅಡಗಿದಳು. ನಾನೂ ಹೋದೆ. ಶಾಲೆಯ ಮಾತು ಎತ್ತಿದರೆ ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯತೊಡಗುತ್ತಿದ್ದ, ಆ ಬಡಿತದಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದ: "ನೀವೇನೂ ಮಾಡಿಲ್ರಿ. ನನ್ನ ಕೈಲೇ ಆತು. ಇನ್ನ ಆಕೀ ಮನ್ಯಾಗ ಇರ್ಲಿ."

ಅಕ್ಕೋರಿಗೆ ಆ ಬೇಸಿಗೆಯಲ್ಲೇ ವರ್ಗಾವಣೆಯಾಯಿತು, ತಮ್ಮ ಊರಿನ ಕಡೆಗೇ, ಹುನಗುಂದದ ಹತ್ತಿರದ ಶಾಲೆಗೆ. ಅಷ್ಟು ವರ್ಷ ಬೇಡಿದ್ದು ಸಿಕ್ಕಿತ್ತು, ಆದರೆ ಫೋನಿನಲ್ಲಿ ಹೇಳುವಾಗ ಸಾವಿನ ಸುದ್ದಿ ಹೇಳುವವರ ಹಾಗೆ ಹೇಳಿದರು. ಈಗಲೂ ಮಾತಾಡುತ್ತೇವೆ. "ಅವ್ರಪ್ಪಗ ಹೇಳಬೇಕಿತ್ತಲ್ರಿ" ಎಂದು ಅವರು ಅನ್ನದ ದಿನವಿಲ್ಲ. ನನ್ನ ತರಬೇತಿಯೂ ಬದಲಾಗಿದೆ. ಗೋಡೆಯ ಮೇಲೆ ಪದ ತೋರಿಸುವ ಮೊದಲು, ನಿಮ್ಮ ತರಗತಿಯಲ್ಲಿ ಮಗುವಿಗೆ ಬಹುಮಾನವೆಂದು ಕೊಡುವುದು ಮಗುವಿಗೆ ಬೇಕಾಗಿದೆಯೋ ಇಲ್ಲವೋ ನೋಡಿ ಬನ್ನಿ ಎನ್ನುತ್ತೇನೆ. ಗೊತ್ತಾದದ್ದನ್ನು ಶಾಲೆಯಲ್ಲೇ ಇಟ್ಟುಕೊಳ್ಳಬೇಡಿ, ಅದೇ ದಿನ ಮನೆಗೆ ಮುಟ್ಟಿಸಿ ಎನ್ನುತ್ತೇನೆ. ಕೆಲವರು ಬರೆದುಕೊಳ್ಳುತ್ತಾರೆ. ಕೆಲವರಿಗೆ ಉಪ್ಪಿಟ್ಟಿನ ಚಿಂತೆ.

ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆ ಇದೆ. ಆ ನೆಪದಲ್ಲಿ ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಹುಡುಗಿ ಅವ್ವನ ಪಕ್ಕ ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿರುತ್ತಾಳೆ. ನನ್ನ ಜೊತೆ ಓದುತ್ತಾಳೆ, ಬರೆಯುತ್ತಾಳೆ. ಅವಳ ವಯಸ್ಸಿನ ಮಕ್ಕಳು ಬ್ಯಾಗು ಹಾಕಿಕೊಂಡು ಓಣಿಯಲ್ಲಿ ಹೋಗುವಾಗ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಹೋದ ವಾರ ನಾನು ಅಲ್ಲಿದ್ದಾಗ ಅಪ್ಪ ನೇಯ್ದು ಮುಗಿದ ಖಣವನ್ನು ಮಗ್ಗದಿಂದ ಕೊಯ್ದು ಇಳಿಸಿದ. ಬಿಸಿಲಿಗೆ ಬಿಡಿಸಿ ಹಿಡಿದ. ಗಾಢ ಹಸಿರು, ಅಂಚಿಗೆ ಕೆಂಪು. ಹುಡುಗಿ ರಾಟಿ ನಿಲ್ಲಿಸಿ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಮುಂಗೈ ತಿರುಗಿಸತೊಡಗಿದಳು. ಮುಖ ಎತ್ತಲೋ, ಆದರೆ ಕೈ ಅಪ್ಪನಿಗೆ.

"ಏ, ಕೈ ಇಳಸ, ನೂಲು ಹರೀತೈತಿ" ಎಂದ ಅಪ್ಪ.

ಮೇಲೆ ಹಗ್ಗದ ಮೇಲೆ ಬಣ್ಣ ಹಾಕಿದ ನೂಲು ಒಣಗುತ್ತಿತ್ತು. "ಆಕೀ ನಿಮಗ ಚಪ್ಪಾಳಿ ಹೊಡ್ಯಾಕತ್ತಾಳ್ರಿ" ಎಂದೆ. "ಸಾಲ್ಯಾಗ ಹಂಗ ಹೊಡೀತಿದ್ರು. ಸದ್ದಿಲ್ಲದ್ದು. ಅವತ್ತ ಸಭಾದಾಗ ಹುಡುಗೂರು ಕೈ ಎತ್ತಿದ್ದು ಅದಕ್ಕ."

ಅವನು ಖಣವನ್ನು ಎದೆಗೆ ಮಡಚಿಕೊಂಡ.

"ಉತ್ತರ ಹೇಳಾಕ ಕೈ ಎತ್ಯಾರ ಅಂತ ತಿಳಿದಿದ್ದೆ" ಎಂದ. ಖಣದ ಅಂಚು ಸರಿಮಾಡುತ್ತ, "ಖಣಾ ಇಳಿಸಿದಾಗೆಲ್ಲಾ ಹಿಂಗ ಮಾಡ್ತಾಳ್ರಿ ಈಕಿ. ಪ್ರತಿ ಸಲಾನೂ ನಾ ಕೈ ಇಳಸ ಅಂತ ಬೈತಿದ್ದೆ" ಎಂದ.

ಖಣವನ್ನು ಕೆಳಗಿಟ್ಟು ತನ್ನ ಎರಡೂ ಕೈ ನಿಧಾನಕ್ಕೆ ಮೇಲೆತ್ತಿದ. ಹುಡುಗಿ ಅಷ್ಟೊತ್ತಿಗಾಗಲೇ ಅಪ್ಪ ಹೇಳಿದಂತೆ ಕೈ ಇಳಿಸಿ, ಅವನಿಗೆ ಬೆನ್ನು ಮಾಡಿ ರಾಟಿಯ ಮುಂದೆ ಕೂತಿದ್ದಳು.